ಪುರಾವೆ ಎಷ್ಟಿದ್ದರೆ ಸಾಕು? ಎಂಡೋಸಲ್ಫಾನ್ ಚರ್ಚೆಯಿಂದ ಒಂದು ಪಾಠ



ಪ್ರಯೋಗಾಲಯದಲ್ಲಿ ನೀಲಿ ಲಿಟ್ಮಸ್ ಕಾಗದವನ್ನು ದ್ರಾವಣದಲ್ಲಿ ಅದ್ದುತ್ತೇವೆ. ಕೆಂಪಾದರೆ ಆಮ್ಲ ಅಂತ ಬರೆದು ರೆಕಾರ್ಡ್ ಪುಸ್ತಕ ಮುಚ್ಚುತ್ತೇವೆ. ಪ್ರಶ್ನೆ ಒಂದು, ಉತ್ತರವೂ ಒಂದು. ಆದರೆ ಸರಕಾರವೊಂದು ನಿರ್ಧಾರ ಕೈಗೊಳ್ಳಬೇಕಾದಲ್ಲಿಗೆ ವಿಜ್ಞಾನ ಬಂದಾಗ ಕೆಲಸ ಅಷ್ಟು ಬೇಗ ಮುಗಿಯುವುದಿಲ್ಲ. ಒಂದು ಕೀಟನಾಶಕವನ್ನು ನಿಷೇಧಿಸಬೇಕೋ ಬೇಡವೋ ಅಂತ ಚರ್ಚೆ ಎದ್ದರೆ, ಎರಡೂ ಕಡೆಯವರು "ನಮ್ಮ ಹತ್ತಿರ ವೈಜ್ಞಾನಿಕ ವರದಿ ಇದೆ" ಅನ್ನುತ್ತಾರೆ. ಆಗ ಯಾರ ಮಾತು ಸರಿ? ಇಬ್ಬರದೂ ಸರಿಯಾಗಿರಲು ಸಾಧ್ಯವೇ? ಪುರಾವೆ ಎಷ್ಟಿದ್ದರೆ ಸಾಕು?

ಇದನ್ನು ಅರ್ಥ ಮಾಡಿಕೊಳ್ಳಲು ಕಾಸರಗೋಡಿನ ಎಂಡೋಸಲ್ಫಾನ್ ಪ್ರಕರಣವನ್ನೇ ತೆಗೆದುಕೊಳ್ಳೋಣ. ಕಾಸರಗೋಡಿನ ಮಕ್ಕಳಿಗೆ ಈ ಹೆಸರು ಹೊಸತಲ್ಲ. ಸೊಲ್ಲಾಪುರ, ಆದೋನಿ, ತಾಳವಾಡಿ ಕಡೆಯ ಮಕ್ಕಳಿಗೆ ಹೊಸತಿರಬಹುದು. ಹಾಗಾಗಿ ಮೊದಲಿನಿಂದಲೇ ಹೇಳುತ್ತೇನೆ.

ನಡೆದದ್ದೇನು?

ಕೇರಳ ಸರಕಾರದ ಉದ್ಯಮವಾದ ಪ್ಲಾಂಟೇಶನ್ ಕಾರ್ಪೊರೇಶನ್‌ಗೆ ಕಾಸರಗೋಡು ಜಿಲ್ಲೆಯಲ್ಲಿ ಸುಮಾರು 4,700 ಹೆಕ್ಟೇರ್ ಗೇರು ತೋಟವಿದೆ. ಗೇರು ಹೂ ಬಿಡುವ ಹೊತ್ತಿಗೆ 'ಟೀ ಸೊಳ್ಳೆ' ಎಂಬ ಕೀಟ ಚಿಗುರಿನ, ಹೂಗೊಂಚಲಿನ ರಸ ಹೀರಿ ಫಸಲು ಹಾಳು ಮಾಡುತ್ತದೆ. ಹೆಸರು ಸೊಳ್ಳೆ ಅಂತಿದ್ದರೂ ಇದು ತಿಗಣೆ ಜಾತಿಯದು. ಇದನ್ನು ಹತೋಟಿಗೆ ತರಲು 1970ರ ದಶಕದ ಕೊನೆಯಿಂದ 2000ದವರೆಗೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು.

ಇಲ್ಲಿ ಭೂಗೋಳವನ್ನೂ ಗಮನಿಸಬೇಕು. ತೋಟ ಇರುವುದು ಗುಡ್ಡದ ಮೇಲೆ. ಮನೆ, ಶಾಲೆ, ಬಾವಿ, ಸುರಂಗ, ತೋಡು ಇರುವುದು ಕೆಳಗೆ. ಮೇಲಿನಿಂದ ಬಿಟ್ಟ ಮದ್ದು ಗೇರು ಮರದ ಮೇಲೆ ಮಾತ್ರ ಬೀಳುವುದಿಲ್ಲ. ಗಾಳಿಯಲ್ಲಿ ತೇಲುತ್ತದೆ, ಮಳೆ ನೀರಿನೊಂದಿಗೆ ಇಳಿಯುತ್ತದೆ.

ಎಂಡೋಸಲ್ಫಾನ್ ಒಂದು ಆರ್ಗನೋಕ್ಲೋರಿನ್ ಸಂಯುಕ್ತ. ಇದರ ಅಣುಸೂತ್ರ C₉H₆Cl₆O₃S, ಅಂದರೆ ಒಂದು ಅಣುವಿನಲ್ಲಿ ಕ್ಲೋರಿನ್‌ನ 6 ಪರಮಾಣುಗಳು. ಇದು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಮಣ್ಣಿನಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಾಗಿ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಕೀಟದ ನರಮಂಡಲದಲ್ಲಿ ಉದ್ರೇಕವನ್ನು ತಗ್ಗಿಸುವ ವ್ಯವಸ್ಥೆ ಒಂದಿದೆ. ಅದಕ್ಕೆ ಇದು ತಡೆ ಒಡ್ಡುತ್ತದೆ. ನರಗಳು ಅತಿಯಾಗಿ ಉದ್ರೇಕಗೊಂಡು ಕೀಟ ಸಾಯುತ್ತದೆ. ಅಂಥದೇ ವ್ಯವಸ್ಥೆ ನಮ್ಮ ನರಮಂಡಲದಲ್ಲೂ ಇದೆ ಎಂಬುದು ಮುಂದಿನ ಚರ್ಚೆಗೆ ಮುಖ್ಯ.

ಕಂಡದ್ದು ಮತ್ತು ಸಾಬೀತಾದದ್ದು

ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್, ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರಸಂಬಂಧಿ ಕಾಯಿಲೆ, ಹುಟ್ಟಿನಿಂದಲೇ ಬರುವ ಅಂಗದೋಷ, ಬುದ್ಧಿಮಾಂದ್ಯ ಹೆಚ್ಚಾಗಿ ಕಾಣುತ್ತಿದೆ ಎಂದು ಗಮನಿಸಿದರು. 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆ ಅವರು ಅದೇ ಊರಿನವರು. ಈ ಸಂಗತಿಯನ್ನು ಬರೆದು ಹೊರಜಗತ್ತಿಗೆ ತಿಳಿಸಿದರು. ಪೆರಿಯದ ಕೃಷಿ ಅಧಿಕಾರಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಡೆಯಾಜ್ಞೆ ತಂದರು.

ಈಗ ಒಂದು ಪ್ರಶ್ನೆ. ಒಬ್ಬ ವೈದ್ಯರು ತಮ್ಮ ಕಣ್ಣಾರೆ ಕಂಡದ್ದು ವೈಜ್ಞಾನಿಕ ಪುರಾವೆಯೇ?

ಹೌದು, ಆದರೆ ಒಂದು ಮಿತಿಯೊಳಗೆ. ಯಾವುದೇ ವಾದದಲ್ಲಿ ಮೂರು ಭಾಗ ಇರುತ್ತದೆ.

1. ಪ್ರತಿಪಾದನೆ: "ಈ ಕಾಯಿಲೆಗಳಿಗೆ ಎಂಡೋಸಲ್ಫಾನ್ ಕಾರಣ."
2. ಪುರಾವೆ: "ಈ ಊರಿನಲ್ಲಿ ಇಷ್ಟು ಜನರಿಗೆ ಇಂಥ ಕಾಯಿಲೆ ಇದೆ."
3. ಕೊಂಡಿ: ಪುರಾವೆಯಿಂದ ಪ್ರತಿಪಾದನೆಗೆ ಹೋಗುವ ದಾರಿ. "ಮದ್ದು ಬೀಳದ ಊರಿನಲ್ಲಿ ಇಷ್ಟೊಂದು ಕಾಯಿಲೆ ಇಲ್ಲ."

ಚರ್ಚೆಗಳಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಈ ಮೂರನೆಯದು. ಒಂದು ಊರಿನಲ್ಲಿ ಕಾಯಿಲೆಯ 10 ಮಕ್ಕಳಿದ್ದಾರೆ ಅಂದರೆ ಅದು ಹೆಚ್ಚೋ ಕಡಿಮೆಯೋ ಹೇಳುವುದು ಹೇಗೆ? ಒಟ್ಟು ಮಕ್ಕಳೆಷ್ಟು, ಪಕ್ಕದ ಊರಿನಲ್ಲಿ ಎಷ್ಟು, ಸಿಂಪಡಣೆ ಶುರುವಾಗುವ ಮೊದಲು ಎಷ್ಟಿತ್ತು, ಇದೆಲ್ಲ ಗೊತ್ತಾಗಬೇಕು. ಪಡ್ರೆಯಲ್ಲಿ ಸಿಂಪಡಣೆಗೆ ಮೊದಲಿನ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಕಾರ್ಪೊರೇಶನ್ ಪರವಾಗಿ ವಾದಿಸಿದವರು ಹಿಡಿದದ್ದೂ ಇದನ್ನೇ.

ಹಾಗಂತ ವೈದ್ಯರು ಕಂಡದ್ದು ವ್ಯರ್ಥವಲ್ಲ. ಅದು ಪ್ರಶ್ನೆಯನ್ನು ಹುಟ್ಟುಹಾಕಿತು. ಅಧ್ಯಯನ ಎಲ್ಲಿ ಮಾಡಬೇಕು, ಏನನ್ನು ಅಳೆಯಬೇಕು ಎಂದು ತೋರಿಸಿತು. ಅಷ್ಟು ದೊಡ್ಡ ಕೆಲಸವನ್ನು ಊರಿನವರೇ ಮಾಡಿದರು, ಯಾವ ಪ್ರಯೋಗಾಲಯವೂ ಅಲ್ಲ.

ಎರಡು ವರದಿ, ಎರಡು ಉತ್ತರ

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ, ಅಂದರೆ ಸಿಎಸ್‌ಇ, ಪಡ್ರೆಯಿಂದ ನೀರು, ಮಣ್ಣು, ಜನರ ರಕ್ತ ಮುಂತಾದ ಮಾದರಿಗಳನ್ನು ತರಿಸಿ ಪರೀಕ್ಷಿಸಿತು. ಎಂಡೋಸಲ್ಫಾನ್ ಉಳಿಕೆ ಹೆಚ್ಚಿನ ಪ್ರಮಾಣದಲ್ಲಿದೆ ಅಂತ ವರದಿ ಕೊಟ್ಟಿತು. ಅದೇ ವರ್ಷ ಪ್ಲಾಂಟೇಶನ್ ಕಾರ್ಪೊರೇಶನ್ ತಮಿಳುನಾಡಿನ ಫಿಪ್ಪಾಟ್ ಎಂಬ ಸಂಸ್ಥೆಯಿಂದ ಇನ್ನೊಂದು ಅಧ್ಯಯನ ಮಾಡಿಸಿತು. ಅದರಲ್ಲಿ ಆತಂಕಪಡುವಂಥದ್ದು ಕಾಣಿಸಲಿಲ್ಲ.

ಒಂದೇ ಊರು, ಒಂದೇ ಮದ್ದು, ಎರಡು ಉತ್ತರ. ಇಲ್ಲಿ "ವಿಜ್ಞಾನವೇ ಸುಳ್ಳು" ಅಂತ ಕೈಚೆಲ್ಲಬಾರದು. "ನನಗೆ ಬೇಕಾದ ವರದಿಯೇ ಸತ್ಯ" ಅನ್ನುವುದೂ ತಪ್ಪು. ಕೇಳಬೇಕಾದ ಪ್ರಶ್ನೆಗಳಿವೆ.

• ಮಾದರಿ ಎಲ್ಲಿಂದ, ಯಾವಾಗ, ಎಷ್ಟು ತೆಗೆದರು? ಯಾರು ತೆಗೆದರು?
• ಯಾವ ಉಪಕರಣದಲ್ಲಿ ಅಳೆದರು? ಅದು ಎಷ್ಟು ಸಣ್ಣ ಪ್ರಮಾಣವನ್ನು ಗುರುತಿಸಬಲ್ಲದು?
• ಹೋಲಿಸಲು ಮದ್ದು ಬೀಳದ ಜಾಗದ ಮಾದರಿ ಇತ್ತೇ?
• ಅಧ್ಯಯನಕ್ಕೆ ಹಣ ಕೊಟ್ಟವರು ಯಾರು?

ಕೊನೆಯ ಪ್ರಶ್ನೆಯನ್ನು ಜನ ಮೊದಲು ಕೇಳುತ್ತಾರೆ. ಕೇಳಬೇಕು ನಿಜ. ಕಾರ್ಪೊರೇಶನ್‌ಗೆ ಒಂದು ಹಿತಾಸಕ್ತಿ ಇತ್ತು. ಸಿಎಸ್‌ಇ ಕೂಡ ಕೀಟನಾಶಕಗಳ ವಿರುದ್ಧ ದನಿ ಎತ್ತುತ್ತಿದ್ದ ಸಂಸ್ಥೆ. ಆದರೆ ಹಣ ಕೊಟ್ಟವರ ಹೆಸರು ನೋಡಿಯೇ ವರದಿಯನ್ನು ಒಪ್ಪುವುದೂ ತಳ್ಳುವುದೂ ಸೋಮಾರಿತನ. ಆ ಹೆಸರು ಎಚ್ಚರಿಕೆಯಿಂದ ಓದು ಅನ್ನುತ್ತದೆ, ಅಷ್ಟೇ. ಉತ್ತರ ಸಿಗುವುದು ಮೊದಲ ಮೂರು ಪ್ರಶ್ನೆಗಳಲ್ಲಿ.

ಹೋಲಿಕೆಯ ಗುಂಪು

ಇಬ್ಬರ ಜಗಳದಲ್ಲಿ ಮೂರನೆಯವರು ಬಂದು ಮತ್ತೆ ಅಳೆಯುವುದು ವಿಜ್ಞಾನದ ಒಳ್ಳೆಯ ಪದ್ಧತಿ. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಒಎಚ್, ಪಡ್ರೆಗೆ ಬಂತು. ಇದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಸ್ಥೆ. ಅವರು ಪಡ್ರೆಯ ಶಾಲಾ ಮಕ್ಕಳನ್ನು ಮೀಂಜ ಪಂಚಾಯತಿನ ಶಾಲಾ ಮಕ್ಕಳೊಂದಿಗೆ ಹೋಲಿಸಿದರು. ಮೀಂಜ ಸುಮಾರು 20 ಕಿ.ಮೀ. ದೂರ. ಜನಜೀವನ, ಕೃಷಿ, ಆಹಾರ ಹೆಚ್ಚುಕಡಿಮೆ ಒಂದೇ ರೀತಿ. ದೊಡ್ಡ ವ್ಯತ್ಯಾಸ ಒಂದೇ, ಅಲ್ಲಿ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟಿರಲಿಲ್ಲ.

ನೀವು ಬೀಜ ಮೊಳೆಯುವ ಪ್ರಯೋಗದಲ್ಲಿ ಒಂದು ಕುಂಡಕ್ಕೆ ಬೆಳಕು ಕೊಟ್ಟು ಇನ್ನೊಂದನ್ನು ಕತ್ತಲಲ್ಲಿ ಇಡುತ್ತೀರಿ, ಉಳಿದದ್ದೆಲ್ಲ ಸಮಾನವಾಗಿ ಇಡುತ್ತೀರಿ ಅಲ್ವಾ? ಇದೂ ಹಾಗೆಯೇ. ಮನುಷ್ಯರ ವಿಷಯದಲ್ಲಿ ಉಳಿದದ್ದನ್ನು ಪೂರ್ತಿ ಸಮಾನ ಮಾಡಲು ಆಗುವುದಿಲ್ಲ, ಆದಷ್ಟು ಹತ್ತಿರ ತರಬಹುದು.

ಆ ಅಧ್ಯಯನದ ಒಂದು ಭಾಗ 2003ರಲ್ಲಿ ಅಂತಾರಾಷ್ಟ್ರೀಯ ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾಯಿತು. 10ರಿಂದ 19 ವರ್ಷದ ಹುಡುಗರು, ಪಡ್ರೆಯವರು 117, ಹೋಲಿಕೆಯ ಗುಂಪಿನವರು 90. ಇವರಲ್ಲಿ ರಕ್ತ ಪರೀಕ್ಷೆಯಾದ ಹುಡುಗರ ರಕ್ತಸಾರದಲ್ಲಿ ಎಂಡೋಸಲ್ಫಾನ್ ಸರಾಸರಿ ಹೀಗಿತ್ತು:

ಪಡ್ರೆ: 7.47 ಪಿಪಿಬಿ
ಹೋಲಿಕೆಯ ಗುಂಪು: 1.37 ಪಿಪಿಬಿ

ಪಿಪಿಬಿ ಅಂದರೆ ನೂರು ಕೋಟಿ ಭಾಗದಲ್ಲಿ ಒಂದು ಭಾಗ. ಸಿಂಪಡಣೆ ನಿಂತು ತಿಂಗಳುಗಳು ಕಳೆದ ಮೇಲೂ ಐದು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಪ್ರಾಯಕ್ಕೆ ಬರುವ ಬೆಳವಣಿಗೆ ಪಡ್ರೆಯ ಹುಡುಗರಲ್ಲಿ ನಿಧಾನವಾಗಿತ್ತು, ಹಾರ್ಮೋನುಗಳ ಮಟ್ಟದಲ್ಲೂ ವ್ಯತ್ಯಾಸ ಕಂಡಿತು.

6 ಮತ್ತು 1

ಅದೇ ಪ್ರಬಂಧದಲ್ಲಿ ಇನ್ನೊಂದು ಅಂಕಿ ಇದೆ. ವೃಷಣಗಳ ಬೆಳವಣಿಗೆಗೆ ಸಂಬಂಧಿಸಿದ, ಹುಟ್ಟಿನಿಂದ ಬರುವ ಕೆಲವು ದೋಷಗಳು ಪಡ್ರೆಯಲ್ಲಿ ಶೇ. 5.1, ಹೋಲಿಕೆಯ ಗುಂಪಿನಲ್ಲಿ ಶೇ. 1.1. ಐದು ಪಟ್ಟು ಅಂತ ಕಾಣುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: 117ರಲ್ಲಿ 6 ಹುಡುಗರು, 90ರಲ್ಲಿ 1. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯವಲ್ಲ ಎಂದು ಸಂಶೋಧಕರೇ ಬರೆದರು.

ಹಾಗಂದರೇನು? ತರಗತಿಯಲ್ಲಿ ಮಾಡಿ ನೋಡಬಹುದು. 207 ಹುಣಸೆ ಬೀಜ ತೆಗೆದುಕೊಳ್ಳಿ. 7 ಬೀಜಗಳಿಗೆ ಗುರುತು ಹಾಕಿ. ಚೀಲದಲ್ಲಿ ಹಾಕಿ ಕಲಸಿ, ಕಣ್ಣು ಮುಚ್ಚಿ 117 ಬೀಜ ಹೊರಗೆ ತೆಗೆಯಿರಿ. ಅದರಲ್ಲಿ ಗುರುತಿನವು ಎಷ್ಟು ಬಂದವು? ಮತ್ತೆ ಮತ್ತೆ ಮಾಡಿ. ಏಳರಲ್ಲಿ 6 ಅಥವಾ 7 ಇದರೊಳಗೇ ಬರುವುದು 100 ಸಲದಲ್ಲಿ ಸುಮಾರು 11 ಸಲ. ಇಲ್ಲಿ ಯಾವ ಮದ್ದೂ ಇಲ್ಲ, ಬರೀ ಆಕಸ್ಮಿಕ. ಹೀಗೆ ಆಕಸ್ಮಿಕವಾಗಿ ಆಗುವ ಸಾಧ್ಯತೆ 100ರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಮಾತ್ರ ವ್ಯತ್ಯಾಸವನ್ನು ಗಣನೀಯ ಅನ್ನುವುದು ವಾಡಿಕೆ.

ಈಗ ಜಾಗ್ರತೆಯಿಂದ ಓದಿ. "ಗಣನೀಯವಲ್ಲ" ಅಂದರೆ "ವ್ಯತ್ಯಾಸ ಇಲ್ಲ ಎಂದು ಸಾಬೀತಾಯಿತು" ಅಂತ ಅರ್ಥವಲ್ಲ. "ಇಷ್ಟು ಕಡಿಮೆ ಜನರನ್ನು ನೋಡಿ ಖಚಿತವಾಗಿ ಹೇಳಲಾಗದು" ಅಂತ ಅರ್ಥ. ಮಂದ ಬೆಳಕಿನಲ್ಲಿ ಹುಡುಕಿ ಸೂಜಿ ಸಿಗದಿದ್ದರೆ ಸೂಜಿ ಇಲ್ಲ ಅಂತ ಹೇಳಲಿಕ್ಕಾಗುತ್ತದಾ? ತಮ್ಮ ಅಧ್ಯಯನದಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಎಂಬ ಮಿತಿಯನ್ನೂ ಸಂಶೋಧಕರು ಮುಚ್ಚಿಡಲಿಲ್ಲ. ಒಳ್ಳೆಯ ಪ್ರಬಂಧದ ಲಕ್ಷಣ ಅದು. ಆದರೆ ಚರ್ಚೆಯ ಕಣದಲ್ಲಿ ಒಂದು ಕಡೆಯವರು "ಐದು ಪಟ್ಟು" ಅನ್ನುವುದನ್ನು ಮಾತ್ರ ಎತ್ತಿಕೊಳ್ಳಬಹುದು, ಇನ್ನೊಂದು ಕಡೆಯವರು "ಗಣನೀಯವಲ್ಲ" ಅನ್ನುವುದನ್ನು ಮಾತ್ರ. ಎರಡೂ ಅರ್ಧ ಓದು.

ಯಾವ ನಿರ್ಧಾರಕ್ಕೆ ಎಷ್ಟು ಪುರಾವೆ?

ಕೇಂದ್ರ ಸರಕಾರ ನೇಮಿಸಿದ ಡಾ. ಓ. ಪಿ. ದುಬೆ ಸಮಿತಿ 2003ರಲ್ಲಿ ಕಾಯಿಲೆಗಳಿಗೂ ಎಂಡೋಸಲ್ಫಾನ್‌ಗೂ ಸಂಬಂಧ ಸಾಬೀತಾಗಿಲ್ಲ ಎಂದಿತು. ಇದಕ್ಕೆ ಮೊದಲೇ, ಕೇರಳ ಸರಕಾರ ನೇಮಿಸಿದ ಡಾ. ಎ. ಅಚ್ಯುತನ್ ಸಮಿತಿ ಆಕಾಶದಿಂದ ಸಿಂಪಡಿಸುವುದನ್ನು ನಿಲ್ಲಿಸಬೇಕು ಎಂದಿತ್ತು. ಹೀಗೆ ವರ್ಷಗಟ್ಟಲೆ ವಾದ ನಡೆಯಿತು. ಯಾಕೆ ಮುಗಿಯಲಿಲ್ಲ? ನನ್ನ ಅಭಿಪ್ರಾಯದಲ್ಲಿ ಮುಖ್ಯ ಕಾರಣ, ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಪ್ರಶ್ನೆ ಅಂತ ತಿಳಿದದ್ದು.

ಮೊದಲ ಪ್ರಶ್ನೆ: ಜನ ವಾಸಿಸುವ ಕಡೆ ಹೆಲಿಕಾಪ್ಟರಿನಿಂದ ಮದ್ದು ಬಿಡುವುದನ್ನು ನಿಲ್ಲಿಸಬೇಕೇ? ಇದಕ್ಕೆ ಎಲ್ಲ ಕಾಯಿಲೆಯ ಕಾರಣ ಸಾಬೀತಾಗಬೇಕಿಲ್ಲ. ಮದ್ದು ನರಮಂಡಲಕ್ಕೆ ವಿಷ ಎಂಬುದು ಗೊತ್ತಿದೆ, ಅದು ಮಕ್ಕಳ ರಕ್ತಕ್ಕೆ ಸೇರಿದೆ ಎಂಬುದು ಅಳತೆಯಲ್ಲಿ ಸಿಕ್ಕಿದೆ. ನಿಲ್ಲಿಸಿದರೆ ಆಗುವ ನಷ್ಟ ಸ್ವಲ್ಪ ಗೇರುಬೀಜ. ನಿಲ್ಲಿಸದೆ ಇದ್ದು, ಭಯ ನಿಜವೇ ಆಗಿದ್ದರೆ ಆಗುವ ನಷ್ಟವನ್ನು ಮರಳಿ ತುಂಬಲಾಗದು. ಎರಡು ಬಗೆಯ ತಪ್ಪುಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ಈ ಕ್ರಮಕ್ಕೆ ಮುನ್ನೆಚ್ಚರಿಕೆ ತತ್ವ ಎಂದು ಹೆಸರು. ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ಇದನ್ನು ಒಪ್ಪಿಕೊಂಡಿತ್ತು.

ಎರಡನೆಯ ಪ್ರಶ್ನೆ: ಜಗತ್ತಿನಲ್ಲೇ ಎಂಡೋಸಲ್ಫಾನ್ ತಯಾರಿಕೆ ನಿಲ್ಲಬೇಕೇ? ಇದು ಇನ್ನೂ ದೊಡ್ಡ ನಿರ್ಧಾರ. ಆಗ ಭಾರತ ಅದರ ದೊಡ್ಡ ಉತ್ಪಾದಕ ದೇಶ. ರೈತರಿಗೆ ಅದು ಕಡಿಮೆ ಬೆಲೆಯ ಮದ್ದು, ಬದಲಿ ಮದ್ದುಗಳು ದುಬಾರಿ. ಈ ವಾದದಲ್ಲೂ ಹುರುಳಿತ್ತು. ಸ್ಟಾಕ್‌ಹೋಮ್ ಒಪ್ಪಂದದ ವಿಜ್ಞಾನಿಗಳ ಸಮಿತಿ ಬೇರೆಯದೇ ಪುರಾವೆಗಳನ್ನು ನೋಡಿತು: ಪರಿಸರದಲ್ಲಿ ಎಷ್ಟು ಕಾಲ ಉಳಿಯುತ್ತದೆ, ಜೀವಿಗಳ ದೇಹದಲ್ಲಿ ಸೇರಿಕೊಳ್ಳುತ್ತದೆಯೇ, ದೂರ ಸಾಗುತ್ತದೆಯೇ, ವಿಷಕಾರಿಯೇ? ಯಾರೂ ಸಿಂಪಡಿಸದ ಉತ್ತರ ಧ್ರುವ ಪ್ರದೇಶದಲ್ಲೂ ಎಂಡೋಸಲ್ಫಾನ್ ಸಿಕ್ಕಿತ್ತು. 2011ರ ಏಪ್ರಿಲ್ 29ರಂದು ಜಿನೀವಾದಲ್ಲಿ ಅದನ್ನು ನಿರ್ಮೂಲನ ಪಟ್ಟಿಗೆ ಸೇರಿಸಿದರು. ಮೊದಲು ವಿರೋಧಿಸಿದ ಭಾರತ, ಕೆಲವು ಬೆಳೆಗಳಿಗೆ ಕಾಲಮಿತಿಯ ವಿನಾಯಿತಿ ಸಿಕ್ಕಿದ ಮೇಲೆ ಒಪ್ಪಿತು. ಎರಡೇ ವಾರ ಕಳೆದು, ಮೇ 13ರಂದು, ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಕರ್ನಾಟಕ ಸರಕಾರ ಅದೇ ವರ್ಷದ ಫೆಬ್ರವರಿಯಲ್ಲೇ ನಿಷೇಧಿಸಿತ್ತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳ ಸುತ್ತಲೂ ಇದೇ ಸಂಕಟ ಇತ್ತು.

ಮೂರನೆಯ ಪ್ರಶ್ನೆ: ಈ ಒಂದು ಮಗುವಿನ ಕಾಯಿಲೆಗೆ ಎಂಡೋಸಲ್ಫಾನೇ ಕಾರಣವೇ? ಎಲ್ಲಕ್ಕಿಂತ ಕಷ್ಟದ್ದು ಇದು. ಹುಟ್ಟಿನಿಂದ ಬರುವ ದೋಷಗಳಿಗೆ ಹಲವು ಕಾರಣ ಇರುತ್ತವೆ. ಮದ್ದು ಬೀಳದ ಊರಿನಲ್ಲೂ ಅವು ಇವೆ. ಗುಂಪಿನ ಅಧ್ಯಯನದಿಂದ ಗುಂಪಿನ ಬಗ್ಗೆ ಹೇಳಬಹುದು, ಒಬ್ಬೊಬ್ಬರ ಬಗ್ಗೆ ಖಚಿತವಾಗಿ ಹೇಳಲಾಗದು. ಕಾಸರಗೋಡಿನ ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನ್ ಕಾರಣ ಎಂದು ಸಾಬೀತಾಗಿಲ್ಲ. ಇದನ್ನು ಹೇಳಲು ನಾವು ಹಿಂಜರಿಯಬಾರದು.

ಆದರೆ ಸಹಾಯ ಕೊಡಬೇಕೇ ಎಂಬುದು ಮತ್ತೊಂದು ವಿಚಾರ. ಇಪ್ಪತ್ತು ವರ್ಷ ಮದ್ದು ಬಿಟ್ಟವರು ಸರಕಾರದ ಉದ್ಯಮದವರು. ಸಿಂಪಡಣೆಗೆ ಮೊದಲು ಜನರ ಆರೋಗ್ಯದ ಲೆಕ್ಕ ಇಡಬೇಕಾಗಿದ್ದವರು, ನಂತರ ಪರೀಕ್ಷಿಸಬೇಕಾಗಿದ್ದವರು ಅವರು. ಲೆಕ್ಕವೇ ಇಡದೆ, ಆಮೇಲೆ ಹಾಸಿಗೆ ಹಿಡಿದ ಮಗುವಿನ ತಾಯಿಯ ಹತ್ತಿರ "ಸಾಬೀತು ಮಾಡಿ" ಅನ್ನುವುದು ನ್ಯಾಯವೇ? ಸಾಬೀತುಪಡಿಸುವ ಹೊಣೆ ಯಾರದು ಎಂಬುದನ್ನು ಯಾವ ಪ್ರಯೋಗವೂ ಹೇಳುವುದಿಲ್ಲ. ಅದು ನ್ಯಾಯದ ಪ್ರಶ್ನೆ. ಬಾಧಿತರಿಗೆ ಪರಿಹಾರ ಧನ ಕೊಡಬೇಕು ಎಂದು ಮಾನವ ಹಕ್ಕುಗಳ ಆಯೋಗ 2010ರ ಕೊನೆಗೆ ಶಿಫಾರಸು ಮಾಡಿತು; 2017ರ ಜನವರಿ 10ರಂದು ಸುಪ್ರೀಂ ಕೋರ್ಟು ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಆದರೂ 2022ರಲ್ಲಿ ಬಾಧಿತರು ಮತ್ತೆ ಅದೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ನೆನಪಿಡಬೇಕಾದದ್ದು

ವಿಜ್ಞಾನ ಎಷ್ಟು ಇದೆ, ಏನಾಗಬಹುದು, ಎಷ್ಟು ಖಚಿತ ಎಂದು ಹೇಳುತ್ತದೆ. ಏನು ಮಾಡಬೇಕು ಎಂದು ನಿರ್ಧರಿಸುವಾಗ ಇನ್ನೆರಡು ಸೇರುತ್ತವೆ: ತಪ್ಪಾದರೆ ನಷ್ಟ ಯಾರಿಗೆ, ಸಾಬೀತು ಮಾಡುವ ಹೊಣೆ ಯಾರಿಗೆ. ಯಾರಾದರೂ "ಪುರಾವೆ ಸಾಲದು" ಅಂದರೆ ಕೂಡಲೇ ಕೇಳಿ: ಯಾವ ನಿರ್ಧಾರಕ್ಕೆ ಸಾಲದು? "ಪುರಾವೆ ಇದೆ" ಅಂದವರ ಹತ್ತಿರವೂ ಅದನ್ನೇ ಕೇಳಿ: ಯಾವ ಮಾತಿಗೆ ಪುರಾವೆ?

ಯೋಚಿಸಿ, ಮಾಡಿ ನೋಡಿ

1. ಹೋಲಿಕೆಯ ಗುಂಪಿನ ಹುಡುಗರ ರಕ್ತದಲ್ಲೂ 1.37 ಪಿಪಿಬಿ ಎಂಡೋಸಲ್ಫಾನ್ ಇತ್ತು, ಸೊನ್ನೆ ಇರಲಿಲ್ಲ. ಎಲ್ಲಿಂದ ಬಂದಿರಬಹುದು? ಎರಡು ಊಹೆ ಬರೆಯಿರಿ. ಅವುಗಳನ್ನು ಪರೀಕ್ಷಿಸುವುದು ಹೇಗೆ?

2. ಹುಣಸೆ ಬೀಜದ ಪ್ರಯೋಗವನ್ನು ಹತ್ತು ಹತ್ತು ಮಕ್ಕಳ ಗುಂಪು ಮಾಡಿ, ಒಟ್ಟು 100 ಸಲ ನಡೆಸಿ. 6 ಅಥವಾ 7 ಎಷ್ಟು ಸಲ ಬಂತು? ಎರಡು ಗುಂಪಿನ ಮಕ್ಕಳ ಸಂಖ್ಯೆಯೂ ಹತ್ತು ಪಟ್ಟು ಇದ್ದು, 1,170ರಲ್ಲಿ 60, 900ರಲ್ಲಿ 10 ಆಗಿದ್ದರೆ ನಿಮ್ಮ ತೀರ್ಮಾನ ಬದಲಾಗುತ್ತಿತ್ತೇ?

3. ನಿಮ್ಮ ಊರಿನ ಒಂದು ಚರ್ಚೆ ಆರಿಸಿ. ಮಡಕಶಿರಾ, ರಾಯದುರ್ಗ ಕಡೆಯವರು ಕೊಳವೆಬಾವಿಯ ಫ್ಲೋರೈಡ್ ತೆಗೆದುಕೊಳ್ಳಬಹುದು. ನೀಲಗಿರಿಯವರು ಪ್ಲಾಸ್ಟಿಕ್ ನಿಷೇಧ. ಎರಡೂ ಕಡೆಯವರ ಮಾತನ್ನು ಪ್ರತಿಪಾದನೆ, ಪುರಾವೆ, ಕೊಂಡಿ ಎಂದು ಮೂರು ಕಂಬಸಾಲಿನಲ್ಲಿ ಬರೆಯಿರಿ. ಯಾವ ಕಂಬಸಾಲು ಖಾಲಿ ಉಳಿಯಿತು ನೋಡಿ. ನಿಮ್ಮ ಪಟ್ಟಿಯನ್ನು ವಿಜ್ಞಾನ ಶಿಕ್ಷಕರಿಗೆ ತೋರಿಸಿ, ತರಗತಿಯಲ್ಲಿ ಅದರ ಮೇಲೆ ಹತ್ತು ನಿಮಿಷ ವಾದ ನಡೆಸಿ. ಅರ್ಧದಲ್ಲಿ ಪಕ್ಷ ಬದಲಿಸಲು ಮರೆಯಬೇಡಿ.